ಗಾಜಿನ ಆಚೆ ಕೂತಿದ್ದ ಮೂರನೆಯವನು

1971ರ ಡಿಸೆಂಬರ್. ಜರ್ಮನಿಯ ಹ್ಯಾಂಬರ್ಗ್ ನಗರದ ಒಂದು ಸ್ಟುಡಿಯೊಗೆ ಇಬ್ಬರು ಹುಡುಗರು ತಮ್ಮ ಮೊದಲ ಆಲ್ಬಂ ರೆಕಾರ್ಡ್ ಮಾಡಲು ಬಂದಿದ್ದರು. ಡ್ರಮ್ಸ್ ಬಾರಿಸುವ ಕ್ಲೌಸ್ ಡಿಂಗರ್‌ಗೆ 25 ವರ್ಷ. ಗಿಟಾರ್ ನುಡಿಸುವ ಮಿಖಾಯೆಲ್ ರೋಟರ್‌ಗೆ 21, ಅಂದರೆ ಈಗಿನ ನನಗಿಂತ ಒಂದೇ ವರ್ಷ ಹೆಚ್ಚು. ಬ್ಯಾಂಡ್‌ನ ಹೆಸರು ನೊಯ್! ಜರ್ಮನ್ ಭಾಷೆಯಲ್ಲಿ ಹಾಗೆಂದರೆ ‘ಹೊಸದು’. ಸಾಬೂನಿನ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಹೊಸದು ಎಂದು ಅಚ್ಚು ಹಾಕಿರುತ್ತಾರಲ್ಲ, ಅದೇ ಧಾಟಿಯ ಹೆಸರು. ಅವರಿಗಿದ್ದದ್ದು ನಾಲ್ಕು ರಾತ್ರಿಗಳ ಅವಕಾಶ. ಅದರಲ್ಲಿ ಅರ್ಧ ಸಮಯ ಕಳೆದರೂ ಕೆಲಸಕ್ಕೆ ಬರುವಂಥದ್ದೇನೂ ಟೇಪಿಗೆ ಬಿದ್ದಿರಲಿಲ್ಲ.

ಸ್ಟುಡಿಯೊದ ಗಾಜಿನ ಆಚೆ ಮೂರನೆಯವನೊಬ್ಬ ಕೂತಿದ್ದ. ಹೆಸರು ಕಾನ್ರಾಡ್ ಪ್ಲಾಂಕ್. ಎಲ್ಲರೂ ಕರೆಯುತ್ತಿದ್ದದ್ದು ಕಾನಿ ಎಂದು. ವಯಸ್ಸು 31, ವೃತ್ತಿಯಲ್ಲಿ ಸೌಂಡ್ ಎಂಜಿನಿಯರ್. ಇಂದು ನಾವು ಎಲೆಕ್ಟ್ರಾನಿಕ್ ಸಂಗೀತ ಎಂದು ಕೇಳುವುದರಲ್ಲಿ ಬಹಳಷ್ಟಕ್ಕೆ ಬೇರು ಇರುವುದು ಎಪ್ಪತ್ತರ ದಶಕದ ಜರ್ಮನಿಯಲ್ಲಿ. ಆ ಬೇರುಗಳನ್ನು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಸಿಗುವ ಹೆಸರು ಈತನದ್ದು. ಆದರೆ ಆಲ್ಬಂಗಳ ಮುಖಪುಟದಲ್ಲಿ ಹುಡುಕಬೇಡಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹುಡುಕಿ.

ಯುದ್ಧಕಾಲದ ಮಗು

ಪ್ಲಾಂಕ್ ಹುಟ್ಟಿದ್ದು 1940ರ ಮೇ 3ರಂದು, ಕೈಸರ್ಸ್‌ಲೌಟರ್ನ್ ಸಮೀಪದ ಹ್ಯುಟ್ಶೆನ್‌ಹೌಸೆನ್ ಎಂಬ ಊರಿನಲ್ಲಿ. ಅದಾಗಿ ಒಂದೇ ವಾರಕ್ಕೆ ಹಿಟ್ಲರ್‌ನ ಸೇನೆ ಪಶ್ಚಿಮದ ನೆರೆರಾಷ್ಟ್ರಗಳ ಮೇಲೆ ನುಗ್ಗಿತು. ಹುಡುಗ ಶಾಲೆಗೆ ಹೋಗುವ ಹೊತ್ತಿಗೆ ದೇಶ ಸೋತು, ನಗರಗಳು ಕಲ್ಲುಮಣ್ಣಿನ ರಾಶಿಯಾಗಿದ್ದವು. ಮುಂದೆ ಆ ಊರಿನ ಪಕ್ಕದಲ್ಲೇ, ರಾಮ್‌ಸ್ಟೈನ್‌ನಲ್ಲಿ, ಅಮೆರಿಕದ ದೊಡ್ಡ ವಾಯುನೆಲೆ ಎದ್ದಿತು. ಸೈನಿಕರಿಗಾಗಿ ನಡೆಸುತ್ತಿದ್ದ ರೇಡಿಯೊದಿಂದ ಜಾಝ್ ಮತ್ತು ರಾಕ್ ಸಂಗೀತ ಜರ್ಮನ್ ಮನೆಗಳಿಗೂ ಕೇಳಿಸುತ್ತಿತ್ತು.

ಆ ತಲೆಮಾರಿನ ಹುಡುಗರಿಗೆ ಒಂದು ಸಂಕಟವಿತ್ತು. ಅಪ್ಪ-ಅಮ್ಮಂದಿರ ಕಾಲದ ಸಂಗೀತ ಬೇಡ, ಅದರ ಜೊತೆಗೆ ನೆನಪಿಸಿಕೊಳ್ಳಲಾಗದ ಇತಿಹಾಸ ಅಂಟಿಕೊಂಡಿದೆ. ಹಾಗೆಂದು ಇಂಗ್ಲೆಂಡ್, ಅಮೆರಿಕದ ಬ್ಯಾಂಡ್‌ಗಳನ್ನು ನಕಲು ಮಾಡುತ್ತಾ ಕೂರುವುದೂ ನಾಚಿಕೆಯ ಮಾತು. ಹಾಗಾದರೆ ನಮ್ಮದು ಎಂಬ ಸದ್ದು ಯಾವುದು? ಈ ಪ್ರಶ್ನೆಗೆ ಪ್ಲಾಂಕ್ ಉತ್ತರ ಹುಡುಕಿದ್ದು ವೇದಿಕೆಯ ಮೇಲಲ್ಲ, ಮಿಕ್ಸಿಂಗ್ ಮೇಜಿನ ಮುಂದೆ.

ಶುರುವಿನಲ್ಲಿ ಆತ ಹೆಸರಾಂತ ಗಾಯಕಿ, ನಟಿ ಮರ್ಲೀನ್ ಡೀಟ್ರಿಚ್ ಅವರ ಕಾರ್ಯಕ್ರಮಗಳಿಗೆ ಧ್ವನಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ. ಆಮೇಲೆ ನೆಲೆ ನಿಂತದ್ದು ಕಲೋನ್ ನಗರದ ಸುತ್ತ. ಅಲ್ಲಿನ ರೇಡಿಯೊ ಕೇಂದ್ರದಲ್ಲಿ 1951ರಿಂದಲೇ ಎಲೆಕ್ಟ್ರಾನಿಕ್ ಸಂಗೀತಕ್ಕೆಂದೇ ಒಂದು ಸ್ಟುಡಿಯೊ ಇತ್ತು. ಕಾರ್ಲ್‌ಹೈಂಜ್ ಸ್ಟಾಕ್‌ಹೌಸೆನ್‌ರಂಥ ಸಂಯೋಜಕರು ಅಲ್ಲಿ ಆಸಿಲೇಟರ್ ಮತ್ತು ಟೇಪುಗಳಿಂದ ಸಂಗೀತ ಕಟ್ಟುತ್ತಿದ್ದರು. ನಾವು ಲ್ಯಾಬ್‌ನಲ್ಲಿ ರೀಡಿಂಗ್ ಬರೆದುಕೊಂಡು ಮರೆತುಬಿಡುವ ಸೈನ್ ವೇವ್ ಅಲ್ಲಿ ಸಂಗೀತದ ಕಚ್ಚಾ ಸಾಮಗ್ರಿಯಾಗಿತ್ತು.

ಗೊತ್ತಿಲ್ಲದವರ ಮೊದಲ ಆಲ್ಬಂಗಳು

ಕಲೋನ್ ಪಕ್ಕದ ಗೋಡೋರ್ಫ್‌ನ ರೀನುಸ್ ಸ್ಟುಡಿಯೊದಲ್ಲಿ ಪ್ಲಾಂಕ್ ಕೆಲಸ ಮಾಡುತ್ತಿದ್ದಾಗ, 1969ರ ಡಿಸೆಂಬರ್‌ನಲ್ಲಿ ಮೂವರು ವಿಚಿತ್ರ ಸಂಗೀತಗಾರರು ಬಂದರು. ಬ್ಯಾಂಡ್‌ನ ಹೆಸರು ಕ್ಲುಸ್ಟರ್. ಅವರಿಗೆ ಟ್ಯೂನೂ ಬೇಕಿರಲಿಲ್ಲ, ತಾಳವೂ ಬೇಕಿರಲಿಲ್ಲ. ಚೆಲ್ಲೊ, ಆರ್ಗನ್, ಗಿಟಾರ್‌ಗಳನ್ನು ಎಕೋ ಯಂತ್ರಗಳ ಮೂಲಕ ಹಾಯಿಸಿ ಸದ್ದುಗಳ ಮೋಡ ಕಟ್ಟುವುದೇ ಅವರ ಸಂಗೀತ. ಹಣ ಕೊಟ್ಟದ್ದು ಚರ್ಚ್ ಸಂಗೀತ ಪ್ರಕಟಿಸುವ ಸಂಸ್ಥೆ. ಹಾಗಾಗಿ ಆಲ್ಬಂನ ಒಂದು ಬದಿಯಲ್ಲಿ ಆ ಗದ್ದಲದ ಮೇಲೆ ಧಾರ್ಮಿಕ ಪಠ್ಯದ ವಾಚನವೂ ಇದೆ. ಯಾವುದೇ ವೃತ್ತಿಪರ ಎಂಜಿನಿಯರ್ ಇದು ಸಂಗೀತವೇ ಅಲ್ಲ ಎಂದು ಕೈಚೆಲ್ಲಬಹುದಿತ್ತು. ಪ್ಲಾಂಕ್ ಮೈಕ್ ಸರಿಪಡಿಸಿ ಕೇಳುತ್ತಾ ಕೂತ.

ಮರುವರ್ಷ, 1970ರ ಜುಲೈನಲ್ಲಿ, ಅದೇ ಸ್ಟುಡಿಯೊಗೆ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ತನ್ನ ಇಡೀ ವಾದ್ಯವೃಂದದೊಂದಿಗೆ ಬಂದರು. ಎರಡು ರಚನೆ, ಒಂದೊಂದಕ್ಕೂ ಮೂರು ಮೂರು ಟೇಕ್. ಅದನ್ನು ರೆಕಾರ್ಡ್ ಮಾಡಿದ್ದೂ ಪ್ಲಾಂಕ್. ಆ ಟೇಪು ಆಲ್ಬಂ ಆಗಿ ಹೊರಬಂದದ್ದು ಮಾತ್ರ 2015ರಲ್ಲಿ.

ಅದೇ 1970ರಲ್ಲಿ ಡ್ಯುಸೆಲ್‌ಡಾರ್ಫ್‌ನ ಕ್ರಾಫ್ಟ್‌ವರ್ಕ್ ಬ್ಯಾಂಡ್‌ನ ಮೊದಲ ಆಲ್ಬಂ ಬಂತು. ಹೆಸರಿನ ಅರ್ಥ ವಿದ್ಯುತ್ ಸ್ಥಾವರ. ನಿರ್ಮಾಪಕರ ಸಾಲಿನಲ್ಲಿ ಬ್ಯಾಂಡ್‌ನ ಇಬ್ಬರ ಜೊತೆ ಪ್ಲಾಂಕ್ ಹೆಸರೂ ಇತ್ತು. ಕ್ಲುಸ್ಟರ್‌ನಿಂದ ಒಬ್ಬ ಹೊರನಡೆದ ಮೇಲೆ ಉಳಿದಿಬ್ಬರು ಹೆಸರಿನ ಒಂದು ಅಕ್ಷರ ಬದಲಿಸಿಕೊಂಡು 1971ರಲ್ಲಿ ಹೊಸದಾಗಿ ಮೊದಲ ಆಲ್ಬಂ ತಂದಾಗ, ಪ್ಲಾಂಕ್‌ನನ್ನು ಬ್ಯಾಂಡ್‌ನ ಮೂರನೆಯ ಸದಸ್ಯನೆಂದೇ ನಮೂದಿಸಿದರು. ಎಂಜಿನಿಯರ್‌ಗೆ ಅಂಥ ಸ್ಥಾನ ಸಿಗುವುದು ಅಪರೂಪ.

ಅದೇ ವರ್ಷ ಡಿಂಗರ್ ಮತ್ತು ರೋಟರ್ ಕೆಲ ತಿಂಗಳು ಕ್ರಾಫ್ಟ್‌ವರ್ಕ್‌ನಲ್ಲೇ ನುಡಿಸುತ್ತಿದ್ದರು. ಪ್ಲಾಂಕ್ ಜೊತೆ ಒಂದು ರೆಕಾರ್ಡಿಂಗ್ ಕೂಡ ಶುರುವಾಯಿತು. ಆದರೆ ಹೊಂದಾಣಿಕೆಯಾಗದೆ ಅದು ಅರ್ಧಕ್ಕೇ ನಿಂತಿತು. ಇಬ್ಬರೂ ಹೊರಬಂದು ನೊಯ್! ಕಟ್ಟಿದರು. ಹೀಗೆ ಒಮ್ಮೆ ಸೋತ ಹುಡುಗರ ಬೆನ್ನಿಗೆ ಪ್ಲಾಂಕ್ ಮತ್ತೆ ನಿಂತ.

ಆ ನಾಲ್ಕು ರಾತ್ರಿ

ಡಿಂಗರ್ ಮತ್ತು ರೋಟರ್ ಎಣ್ಣೆ-ಸೀಗೆಕಾಯಿ. ಡಿಂಗರ್ ಸಿಡುಕ, ಹಟಮಾರಿ. ರೋಟರ್ ಮೆದು ಸ್ವಭಾವದವ. ಬಾಲ್ಯದ ಕೆಲ ವರ್ಷಗಳನ್ನು ಕರಾಚಿಯಲ್ಲಿ ಕಳೆದಿದ್ದ ರೋಟರ್‌ಗೆ, ಅಲ್ಲಿ ಕೇಳಿದ ಮುಗಿಯದೆ ಹರಿಯುವ ಸಂಗೀತ ಕಿವಿಯಲ್ಲೇ ಉಳಿದಿತ್ತು. ಇಬ್ಬರ ನಡುವೆ ಸೇತುವೆಯಾಗಿದ್ದದ್ದು ಪ್ಲಾಂಕ್. ಆದರೂ ಮೊದಲೆರಡು ದಿನ ಏನೂ ಕೂಡಿಬರಲಿಲ್ಲ. ಗಡಿಯಾರ ಓಡುತ್ತಿತ್ತು, ಸ್ಟುಡಿಯೊದ ಬಾಡಿಗೆ ಏರುತ್ತಿತ್ತು.

ಆಗ ಡಿಂಗರ್ ತನ್ನ ಜಪಾನಿ ಬ್ಯಾಂಜೊವನ್ನು ಸ್ಟುಡಿಯೊಗೆ ತಂದ. ಟೈಶೋಗೊಟೊ ಎಂಬ ಆ ವಾದ್ಯದಲ್ಲಿ ತಂತಿಗಳ ಮೇಲೆ ಟೈಪ್‌ರೈಟರ್‌ನಂಥ ಕೀಲಿಗಳಿರುತ್ತವೆ. ಒಂದು ಕೈಯಲ್ಲಿ ಕೀಲಿ ಒತ್ತಿ ಇನ್ನೊಂದರಲ್ಲಿ ಮೀಟಬೇಕು. ಎಲ್ಲೋ ನೋಡಿದಂತಿದೆ ಅನಿಸಿತೇ? ನಮ್ಮಲ್ಲಿ ಬುಲ್‌ಬುಲ್ ತರಂಗ್ ಎಂದು ಕರೆಯುವ ವಾದ್ಯ ಇದರಿಂದಲೇ ಬಂದದ್ದು. ಪ್ಲಾಂಕ್ ಆ ಸದ್ದನ್ನು ಗುರುತೇ ಸಿಗದಷ್ಟು ಬದಲಿಸಿ ಟೇಪಿಗೆ ಇಳಿಸಿದ. ಅಲ್ಲಿಗೆ ಕಟ್ಟೆ ಒಡೆಯಿತು. ಆಲ್ಬಂನಲ್ಲಿ ಮೊದಲು ರೆಕಾರ್ಡ್ ಆದ ‘ನೆಗಟಿವ್‌ಲಾಂಡ್’ ಹುಟ್ಟಿದ್ದು ಹೀಗೆ. ರಸ್ತೆ ಅಗೆಯುವ ಡ್ರಿಲ್ ಯಂತ್ರದ ಕರ್ಕಶ ಸದ್ದಿನಿಂದ ಶುರುವಾಗುವ ರಚನೆ ಅದು.

ಉಳಿದ ಸಮಯದಲ್ಲಿ ಮಿಕ್ಕದ್ದೆಲ್ಲ ಆಯಿತು. ಎಲ್ಲಕ್ಕಿಂತ ಹೆಸರಾದದ್ದು ಆಲ್ಬಂನ ಮೊದಲ ರಚನೆ ‘ಹಲ್ಲೊಗಲ್ಲೊ’. ಸುಮಾರು ಹತ್ತು ನಿಮಿಷ. ಹಾಡಿಲ್ಲ, ಪಲ್ಲವಿ-ಚರಣಗಳಿಲ್ಲ. ಡಿಂಗರ್‌ನ ಡ್ರಮ್ಸ್ ನಾಲ್ಕರ ಲೆಕ್ಕದಲ್ಲಿ ಒಂದೇ ಸಮನೆ, ನೇರ ಹೆದ್ದಾರಿಯಲ್ಲಿ ಕಾರು ಓಡಿದಂತೆ ಓಡುತ್ತದೆ. ಅದರ ಮೇಲೆ ರೋಟರ್‌ನ ಗಿಟಾರ್ ಪದರ ಪದರವಾಗಿ ಬಂದು ಕರಗುತ್ತದೆ. ಮುಂದೆ ಪತ್ರಕರ್ತರು ಈ ಲಯಕ್ಕೆ ಮೋಟೊರಿಕ್ ಎಂದು ಹೆಸರಿಟ್ಟರು. ಡಿಂಗರ್‌ಗೆ ಮಾತ್ರ ಆ ಹೆಸರು ಹಿಡಿಸಲಿಲ್ಲ, ಅದರಲ್ಲಿ ಯಂತ್ರದ ವಾಸನೆಯಿದೆ ಎಂಬುದು ಅವನ ತಕರಾರು.

ಇಲ್ಲಿ ಪ್ಲಾಂಕ್ ಮಾಡಿದ್ದೇನು? ಒಂದು ಉದಾಹರಣೆ ನೋಡಿ. ಗಿಟಾರ್ ತಂತಿ ಮೀಟಿದರೆ ಸದ್ದು ಥಟ್ಟನೆ ಎದ್ದು ನಿಧಾನಕ್ಕೆ ಆರುತ್ತದೆ. ಟೇಪನ್ನು ಹಿಂದುಮುಂದಾಗಿ ಓಡಿಸಿದರೆ ಇದು ತಿರುಗುಮುರುಗಾಗುತ್ತದೆ. ಸದ್ದು ಮೆಲ್ಲಗೆ ಉಬ್ಬಿ ಉಬ್ಬಿ ಬಂದು ಫಕ್ಕನೆ ನಿಲ್ಲುತ್ತದೆ. ‘ಹಲ್ಲೊಗಲ್ಲೊ’ದಲ್ಲಿ ಯಾರೋ ಉಸಿರೆಳೆದುಕೊಂಡಂತೆ ಕೇಳಿಸುವ ಗಿಟಾರ್ ಇಂಥದ್ದೇ. ಎಕೋ ಕೂಡ ಟೇಪಿನದೇ ಕರಾಮತ್ತು. ಟೇಪ್ ಯಂತ್ರದಲ್ಲಿ ದಾಖಲಿಸುವ ಹೆಡ್ ಮತ್ತು ನುಡಿಸುವ ಹೆಡ್ ನಡುವೆ ಸ್ವಲ್ಪ ಅಂತರವಿರುತ್ತದೆ. ಟೇಪು ಸೆಕೆಂಡಿಗೆ 38 ಸೆಂ.ಮೀ. ಓಡುತ್ತಿದ್ದು ಅಂತರ 3.8 ಸೆಂ.ಮೀ. ಇದ್ದರೆ, ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮತ್ತೆ ಕೇಳುತ್ತದೆ. ದೂರವನ್ನು ವೇಗದಿಂದ ಭಾಗಿಸುವ ಈ ಲೆಕ್ಕ ಹೈಸ್ಕೂಲಿನದು. ಅದನ್ನು ಎಲ್ಲಿ, ಎಷ್ಟು ಬಳಸಬೇಕು ಎಂಬುದನ್ನು ಮಾತ್ರ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಮಿಕ್ಸಿಂಗ್‌ನ ಪ್ರತಿ ಹೆಜ್ಜೆಯನ್ನೂ ನೆನಪಿಟ್ಟು ಮರುಕಳಿಸುವ ಕಂಪ್ಯೂಟರ್ ಆಗ ಇರಲಿಲ್ಲ. ಹತ್ತು ನಿಮಿಷದ ರಚನೆಯ ಉದ್ದಕ್ಕೂ ಎಲ್ಲಿ ಯಾವ ಗಿಟಾರ್ ಏಳಬೇಕು, ಎಲ್ಲಿ ಮರೆಯಾಗಬೇಕು ಎಂಬುದನ್ನು ತಲೆಯಲ್ಲಿಟ್ಟುಕೊಂಡು ಕೈಯಿಂದಲೇ ಮಾಡಬೇಕು. ಒಂದು ಕಡೆ ತಪ್ಪಿದರೆ ಮೊದಲಿನಿಂದ ಶುರು. ಹಾಡೂ ಇಲ್ಲದ, ತಿರುವೂ ಇಲ್ಲದ ರಚನೆ ಬೇಸರ ಹುಟ್ಟಿಸದೆ ಹತ್ತು ನಿಮಿಷ ಸಾಗುವುದರ ಹಿಂದೆ ಆ ಎರಡು ಕೈಗಳಿವೆ. 1972ರಲ್ಲಿ ಆಲ್ಬಂ ಹೊರಬಂತು. ಬಿಳಿ ಹಾಳೆಯ ಮೇಲೆ ಕೆಂಪಕ್ಷರದಲ್ಲಿ ಬ್ಯಾಂಡ್‌ನ ಹೆಸರು, ಅಷ್ಟೇ ಮುಖಪುಟ.

ಎರಡನೇ ಆಲ್ಬಂ ಹೊತ್ತಿಗೆ ಹಣವೇ ಮುಗಿದುಹೋಯಿತು. ಆಗ ಮೊದಲೇ ಬಂದಿದ್ದ ಎರಡು ಹಾಡುಗಳನ್ನೇ ವೇಗವಾಗಿ, ನಿಧಾನವಾಗಿ ಓಡಿಸಿ ಒಂದು ಬದಿ ತುಂಬಿಸಿದರು. ಅಂದು ಕೆಲವರು ಮೋಸ ಎಂದರು. ಇಂದು ಅದನ್ನು ರೀಮಿಕ್ಸ್‌ನ ಆರಂಭದ ಉದಾಹರಣೆಗಳಲ್ಲಿ ಎಣಿಸುವವರಿದ್ದಾರೆ.

ಹಂದಿಗೂಡಿನಲ್ಲಿ ಸ್ಟುಡಿಯೊ

ಬಾಡಿಗೆಯ ಗಡಿಯಾರದ ಜೊತೆ ಓಡುವ ಕಷ್ಟ ಪ್ಲಾಂಕ್‌ಗೆ ಚೆನ್ನಾಗಿ ಗೊತ್ತಿತ್ತು. 1974ರ ಹೊತ್ತಿಗೆ ಕಲೋನ್ ಸಮೀಪದ ವೋಲ್ಪರಾತ್ ಎಂಬ ಹಳ್ಳಿಯ ಹಳೆಯ ತೋಟದ ಮನೆಯಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದ. ಹಂದಿಗಳನ್ನು ಕಟ್ಟುತ್ತಿದ್ದ ಜಾಗವೇ ರೆಕಾರ್ಡಿಂಗ್ ಕೋಣೆಯಾಯಿತು. ಮಿಕ್ಸಿಂಗ್ ಮೇಜನ್ನು ತನಗೆ ಬೇಕಾದ ಹಾಗೆ ಮಾಡಿಸಿಕೊಂಡ. ಪತ್ನಿ, ನಟಿ ಕ್ರಿಸ್ತಾ ಫಾಸ್ಟ್ ಮನೆಯ ಹೊಣೆ ಹೊತ್ತರು. ಬಂದ ಸಂಗೀತಗಾರರಿಗೆಲ್ಲ ಆ ಮನೆಯಲ್ಲೇ ಊಟ.

ಅಮೆರಿಕದ ಡೀವೊ 1978ರಲ್ಲಿ ತನ್ನ ಮೊದಲ ಆಲ್ಬಂಗಾಗಿ ಈ ಹಳ್ಳಿಗೆ ಬಂತು. ಬ್ರಿಟನ್‌ನ ಅಲ್ಟ್ರಾವಾಕ್ಸ್ ಬಂತು. ‘ಸ್ವೀಟ್ ಡ್ರೀಮ್ಸ್’ ಹಾಡಿನಿಂದ ಲೋಕಪ್ರಸಿದ್ಧವಾದ ಯೂರಿದ್ಮಿಕ್ಸ್ ಅದಕ್ಕೂ ಮುಂಚೆ, 1981ರಲ್ಲಿ, ತನ್ನ ಮೊದಲ ಆಲ್ಬಂ ಮಾಡಿದ್ದು ಪ್ಲಾಂಕ್ ಜೊತೆಯಲ್ಲೇ. ಸ್ಕಾರ್ಪಿಯನ್ಸ್ ಅಭಿಮಾನಿಗಳು ನಮ್ಮ ಕಾಲೇಜುಗಳಲ್ಲೂ ಇದ್ದಾರೆ. ಆ ಬ್ಯಾಂಡ್‌ನ 1972ರ ಮೊದಲ ಆಲ್ಬಂನ ನಿರ್ಮಾಪಕನೂ ಈತನೇ. ಎಷ್ಟು ಮೊದಲ ಆಲ್ಬಂಗಳು ನೋಡಿ! ಹೆಸರು ಮಾಡಿದವರ ಹಿಂದೆ ಓಡುವುದು ಸುಲಭ. ಇನ್ನೂ ಯಾರೂ ಆಗಿರದವರ ಮೇಲೆ ತನ್ನ ಸಮಯ ಹಾಕಲು ಬೇರೆಯದೇ ಧೈರ್ಯ ಬೇಕು.

ಇದರಲ್ಲಿ ನೋವೂ ಇತ್ತು. ಕ್ರಾಫ್ಟ್‌ವರ್ಕ್‌ನ 1974ರ ‘ಆಟೊಬಾನ್’ ಆಲ್ಬಂ ಅಮೆರಿಕ, ಬ್ರಿಟನ್‌ಗಳಲ್ಲೂ ಗೆದ್ದು ಆ ಬ್ಯಾಂಡನ್ನು ಜಗತ್ತಿಗೆ ಪರಿಚಯಿಸಿತು. ಮೊದಲ ಆಲ್ಬಂನಲ್ಲಿ ನಿರ್ಮಾಪಕರಲ್ಲಿ ಒಬ್ಬನಾಗಿದ್ದ ಪ್ಲಾಂಕ್ ಇದರಲ್ಲಿ ಬರೀ ಸೌಂಡ್ ಎಂಜಿನಿಯರ್ ಎಂದು ನಮೂದಾದ. ಆಮೇಲೆ ಅವರು ಜೊತೆಯಾಗಿ ಕೆಲಸ ಮಾಡಲಿಲ್ಲ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ರಾತ್ರಿಯೆಲ್ಲ ಕೋಡ್ ಬರೆದು, ಪ್ರೆಸೆಂಟೇಷನ್ ದಿನ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಇದರ ಉರಿ ಗೊತ್ತಿರುತ್ತದೆ. ಪ್ಲಾಂಕ್ ಆ ಉರಿಯಲ್ಲೇ ಕೂರಲಿಲ್ಲ. ಮುಂದಿನ ಬ್ಯಾಂಡಿಗೆ ಬಾಗಿಲು ತೆರೆದ.

1986ರಲ್ಲಿ ದಕ್ಷಿಣ ಅಮೆರಿಕದ ಸಂಗೀತ ಪ್ರವಾಸದಲ್ಲಿದ್ದಾಗ ಆರೋಗ್ಯ ಕೆಟ್ಟಿತು. ಕ್ಯಾನ್ಸರ್. 1987ರ ಡಿಸೆಂಬರ್‌ನಲ್ಲಿ, ನೊಯ್! ಆಲ್ಬಂನ ಆ ರಾತ್ರಿಗಳಿಗೆ ಸರಿಯಾಗಿ 16 ವರ್ಷ ತುಂಬುವ ಹೊತ್ತಿಗೆ, ಪ್ಲಾಂಕ್ ಕಲೋನ್‌ನಲ್ಲಿ ತೀರಿಕೊಂಡ. ವಯಸ್ಸು 47. ಕ್ರಿಸ್ತಾ ಆ ಸ್ಟುಡಿಯೊವನ್ನು ಮುಂದೆಯೂ ನಡೆಸಿಕೊಂಡು ಬಂದರು. ತಂದೆ ಹೋದಾಗ ಇನ್ನೂ ಬಾಲಕನಾಗಿದ್ದ ಮಗ ಸ್ಟೆಫಾನ್, ಬೆಳೆದ ಮೇಲೆ ಅಪ್ಪನ ಜೊತೆ ಕೆಲಸ ಮಾಡಿದವರನ್ನು ಹುಡುಕಿಕೊಂಡು ಹೋಗಿ 2017ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದ.

ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ನಮ್ಮ ಮಾತೆಲ್ಲ ಯಾರ ಪ್ಯಾಕೇಜ್ ಎಷ್ಟು, ಯಾರ ಫೋಟೊ ಕಾಲೇಜಿನ ಫ್ಲೆಕ್ಸ್‌ನಲ್ಲಿ ಬಂತು ಎಂಬುದರ ಸುತ್ತಲೇ ಸುತ್ತುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಬರುವುದು ಗಾಜಿನ ಆಚೆಯ ಕೆಲಸ: ಬೇರೆಯವರ ಯಂತ್ರ ಓಡುವಂತೆ ನೋಡಿಕೊಳ್ಳುವುದು, ಬೇರೆಯವರ ಕೋಡ್‌ನಲ್ಲಿ ದೋಷ ಹುಡುಕುವುದು. ಅದು ಸಣ್ಣ ಕೆಲಸವೇ ಎಂಬ ಪ್ರಶ್ನೆ ಕಾಡಿದಾಗ ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ‘ಹಲ್ಲೊಗಲ್ಲೊ’ ಕೇಳಿ. ಡ್ರಮ್ಸ್ ಡಿಂಗರ್‌ನದು, ಗಿಟಾರ್ ರೋಟರ್‌ನದು. ಅವೆರಡೂ ಒಂದಕ್ಕೊಂದು ಅಡ್ಡ ಬಾರದೆ ಹತ್ತು ನಿಮಿಷ ಜೊತೆಯಾಗಿ ಓಡುತ್ತವಲ್ಲ, ಅದು ಕಾನಿ ಪ್ಲಾಂಕ್‌ನದು.