ಬೆಟ್ಟದ ಮೇಲಿನ ಕಾರ್ಯಾಗಾರ: ಖಗೋಳವಿಜ್ಞಾನಿ ವೈನು ಬಪ್ಪು

ಕನ್ನಡ ಮಾತನಾಡುವ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ತೇನಿ ಮತ್ತು ಕಂಬಂ ಕಣಿವೆಯ ಉತ್ತರಕ್ಕೆ ಪಳನಿ ಬೆಟ್ಟಗಳು ಗೋಡೆಯಂತೆ ಎದ್ದು ನಿಂತಿವೆ. ಆ ಬೆಟ್ಟಗಳ ಮೇಲೆ, ಇಂದಿನ ದಿಂಡಿಗಲ್ ಜಿಲ್ಲೆಗೆ ಸೇರಿದ ಕೊಡೈಕನಾಲ್‌ನಲ್ಲಿ, 2,300 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಒಂದು ವೀಕ್ಷಣಾಲಯವಿದೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅಲ್ಲಿ ಸೂರ್ಯನ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. 1960ರಲ್ಲಿ ಈ ವೀಕ್ಷಣಾಲಯದ ನಿರ್ದೇಶಕರಾಗಿ ಬಂದವರು ಮೂವತ್ತೆರಡರ ತರುಣ ಮನಾಲಿ ಕಲ್ಲಟ್ ವೈನು ಬಪ್ಪು.

ಬಪ್ಪು ಅವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗಿಯಾಗಿದ್ದುದರಿಂದ ಬಾಲಕನಿಗೆ ದೂರದರ್ಶಕ ಮನೆಯ ವಸ್ತುವಿನಷ್ಟೇ ಪರಿಚಿತವಾಗಿತ್ತು. ಕಾಲೇಜು ವಿದ್ಯಾರ್ಥಿಯಾಗಿರುವಾಗಲೇ ಅವರು ಹವ್ಯಾಸಿಯಾಗಿ, ಬೆಳಕಿನಲ್ಲಿ ಏರಿಳಿಯುವ ನಕ್ಷತ್ರಗಳನ್ನು ವೀಕ್ಷಿಸಿ ಲೇಖನಗಳನ್ನು ಪ್ರಕಟಿಸಿದರು. ಉನ್ನತ ವ್ಯಾಸಂಗಕ್ಕೆ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡ್‌ಗೆ ಹೋದ ವರ್ಷವೇ, ಅಂದರೆ 1949ರಲ್ಲಿ, ಒಂದು ಹೊಸ ಧೂಮಕೇತುವನ್ನು ಗುರುತಿಸಿದರು. ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೊಡನೆ ಅದು ಬಪ್ಪು ಅವರ ಹೆಸರನ್ನೂ ಹೊತ್ತಿದೆ. ಮುಂದೆ ಆಲಿನ್ ವಿಲ್ಸನ್ ಅವರೊಡನೆ ಕೂಡಿ, ತಂಪಾದ ನಕ್ಷತ್ರಗಳ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯೊಂದರ ಅಗಲದಿಂದ ಅವುಗಳ ನಿಜವಾದ ಪ್ರಕಾಶವನ್ನು ಅಳೆಯಬಹುದೆಂದು ತೋರಿಸಿದರು. 1957ರಲ್ಲಿ ಪ್ರಕಟವಾದ ಈ ಶೋಧ ಇಂದಿಗೂ ವಿಲ್ಸನ್–ಬಪ್ಪು ಪರಿಣಾಮವೆಂದೇ ಪ್ರಸಿದ್ಧ.

ಅಮೆರಿಕದ ಪಾಲೊಮರ್ ಬೆಟ್ಟದಲ್ಲಿ ಅಂದಿನ ಜಗತ್ತಿನ ಅತಿ ದೊಡ್ಡ ದೂರದರ್ಶಕವನ್ನು ಬಲ್ಲವರು ತಾಯ್ನಾಡಿಗೆ ಮರಳಿದಾಗ, ನಕ್ಷತ್ರಗಳ ಅಧ್ಯಯನಕ್ಕೆ ಇಲ್ಲಿ ಸಾಧನಗಳ ಕೊರತೆ ದೊಡ್ಡದಾಗಿತ್ತು. ಕೊಡೈಕನಾಲ್ ಸೂರ್ಯವೀಕ್ಷಣೆಗೆ ಒಳ್ಳೆಯ ಸ್ಥಳ. ರಾತ್ರಿಯ ಆಕಾಶಕ್ಕೆ ಬೇರೆ ನೆಲೆ ಬೇಕಿತ್ತು. ಹುಡುಕಾಟದ ಕೊನೆಗೆ ಬಪ್ಪು ಅವರು ಆರಿಸಿದ್ದು ಉತ್ತರದಲ್ಲಿ ಜವ್ವಾದು ಬೆಟ್ಟಗಳ ನಡುವಿನ ಕಾವಲೂರನ್ನು. ದೊಡ್ಡ ಯಂತ್ರಕ್ಕಾಗಿ ಕಾಯುತ್ತ ಕೂರುವ ಬದಲು ಅವರು ಕೊಡೈಕನಾಲ್‌ನ ತಮ್ಮ ಕಾರ್ಯಾಗಾರದಲ್ಲೇ 38 ಸೆಂಟಿಮೀಟರ್ ವ್ಯಾಸದ ಒಂದು ದೂರದರ್ಶಕವನ್ನು ಕಟ್ಟಿಸಿದರು. 1968ರಲ್ಲಿ ಕಾವಲೂರಿನ ಕೆಲಸ ಆರಂಭವಾದದ್ದು ಅದರಿಂದಲೇ.

ದೂರದರ್ಶಕವೆಂದರೆ ಕನ್ನಡಿಯೊಂದೇ ಎಂದು ಭಾವಿಸುವುದು ಸಹಜ. ಆದರೆ ಕನ್ನಡಿ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಹೊತ್ತು ತಿರುಗಿಸುವ ಲೋಹದ ಪೀಠ ಕೆಟ್ಟದಾಗಿದ್ದರೆ ಫಲವಿಲ್ಲ. ಭೂಮಿಯ ಭ್ರಮಣದಿಂದಾಗಿ ಆಕಾಶ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತದೆ. ನಕ್ಷತ್ರವನ್ನು ಬಿಡದೆ ಹಿಂಬಾಲಿಸಬೇಕಾದರೆ ಪೀಠದ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದು, ಅದೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಬೇಕು. ಬೇರಿಂಗಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ, ಗಿಯರಿನ ಹಲ್ಲೊಂದು ತುಸು ಓರೆಯಾಗಿದ್ದರೂ ಚಿತ್ರದಲ್ಲಿ ನಕ್ಷತ್ರ ಚುಕ್ಕಿಯಾಗದೆ ಗೆರೆಯಾಗುತ್ತದೆ. ಇನ್ನೊಂದು ಮಾತು: ಈ ಅಕ್ಷದ ಓರೆ ಆಯಾ ಊರಿನ ಅಕ್ಷಾಂಶಕ್ಕೆ ಸಮನಾಗಿರಬೇಕು. ಲಂಡನ್ನಿನಲ್ಲಿ ಅದು 51 ಡಿಗ್ರಿಗೂ ಹೆಚ್ಚು. ಕಾವಲೂರಿನಲ್ಲಿ ಕೇವಲ 12.5 ಡಿಗ್ರಿ. ಅಲ್ಲಿ ಎದ್ದು ನಿಲ್ಲುವ ಅಕ್ಷ ಇಲ್ಲಿ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ, ಭಾರ ಬೀಳುವ ಬಗೆಯೂ ಬದಲಾಗುತ್ತದೆ. ಆದ್ದರಿಂದ ಬೇರೆ ದೇಶದ ಅಕ್ಷಾಂಶಕ್ಕೆಂದು ಮಾಡಿದ ಪೀಠವನ್ನು ಇದ್ದಂತೆಯೇ ತಂದಿಟ್ಟರೆ ಸಾಲದು. ನಮ್ಮ ಆಕಾಶಕ್ಕೆ ಬೇಕಾದ ಲೋಹದ ಕೆಲಸವನ್ನು ನಮ್ಮವರು ಕಲಿಯಲೇಬೇಕಿತ್ತು.

ಆ ಕಲಿಕೆ ವ್ಯರ್ಥವಾಗಲಿಲ್ಲ. 1972ರಲ್ಲಿ ಕಾವಲೂರಿಗೆ ಬಂದ 102 ಸೆಂಟಿಮೀಟರಿನ ದೂರದರ್ಶಕ ಜರ್ಮನಿಯದು. ಗುರುವಿನ ಉಪಗ್ರಹ ಗ್ಯಾನಿಮೀಡನ್ನೂ, 1977ರಲ್ಲಿ ಯುರೇನಸ್‌ನ ಉಂಗುರಗಳನ್ನೂ ಕುರಿತ ಮಹತ್ವದ ವೀಕ್ಷಣೆಗಳು ಅಲ್ಲಿ ನಡೆದವು. ಅಷ್ಟಕ್ಕೇ ಬಪ್ಪು ಅವರು ತೃಪ್ತರಾಗಲಿಲ್ಲ. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. ಅದಕ್ಕೆ 2.34 ಮೀಟರಿನ ದೂರದರ್ಶಕವನ್ನು ದೇಶದಲ್ಲೇ ನಿರ್ಮಿಸಬೇಕೆಂದು ಅವರು ಸಂಕಲ್ಪಿಸಿದರು. ಗಾಜಿನ ಬಿಲ್ಲೆ ಹೊರಗಿನಿಂದ ಬಂದರೂ, ಅದನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ. ಅದರ ಭಾರಿ ಲೋಹದ ಪೀಠ ಸಿದ್ಧವಾದದ್ದು ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ.

ಆ ಕನಸು ಕೈಗೂಡುವುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷ ಪದವಿಯಲ್ಲಿದ್ದಾಗಲೇ, 1982ರ ಆಗಸ್ಟ್ 19ರಂದು, ಐವತ್ತೈದನೆಯ ವಯಸ್ಸಿನಲ್ಲಿ ಮ್ಯೂನಿಕ್‌ನಲ್ಲಿ ಅವರು ನಿಧನರಾದರು. 1986ರ ಜನವರಿಯಲ್ಲಿ ದೂರದರ್ಶಕವನ್ನು ರಾಷ್ಟ್ರಕ್ಕೆ ಸಮರ್ಪಿಸಿದಾಗ ಅದಕ್ಕೂ, ಕಾವಲೂರಿನ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಡಲಾಯಿತು.

ನಮ್ಮ ಶಾಲೆ ನೂರು ವರ್ಷಗಳನ್ನು ಪೂರೈಸಿರುವ ಈ ಹೊತ್ತಿನಲ್ಲಿ ಪೋಷಕರೂ ಅಧ್ಯಾಪಕರೂ ಬಪ್ಪು ಅವರ ಬಾಳಿನಿಂದ ನೆನೆಯಬೇಕಾದದ್ದು ಆ ಮೊದಲ ಚಿಕ್ಕ ದೂರದರ್ಶಕವನ್ನು. ಪುಸ್ತಕದ ವಿದ್ಯೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದವರಿಗೆ ಅರವೂ ಲೇತೂ ಕೀಳೆಂದು ತೋರಲಿಲ್ಲ. ಕಬ್ಬಿಣವನ್ನು ಅಳತೆಗೆ ತಕ್ಕಂತೆ ಅರೆಯಲು ಕಲಿತ ಮಗುವಿನ ಕೈಯೂ ನಕ್ಷತ್ರವನ್ನು ಮುಟ್ಟುವ ವಿದ್ಯೆಯನ್ನೇ ಕಲಿತಿದೆ.