ಅಂತಃಕರಣದ ನಾಯಕ ಫ್ರಾಂಕ್ ವೊರೆಲ್

ನಮ್ಮ ಶಾಲೆಯ ಬಾಲಕರಲ್ಲಿ ಕ್ರಿಕೆಟ್ ವೀರರ ಹೆಸರುಗಳನ್ನು ಬಾಯಿಪಾಠವಾಗಿ ಹೇಳದವರು ವಿರಳ. ಆದರೆ ಆ ಪಟ್ಟಿಯಲ್ಲಿ ಫ್ರಾಂಕ್ ವೊರೆಲ್ಲರ ಹೆಸರು ಕೇಳಿಬರುವುದು ಅಪರೂಪ. ಅವರು ಗಳಿಸಿದ ರನ್ನುಗಳ ಲೆಕ್ಕವನ್ನೊಪ್ಪಿಸುವುದು ನಮ್ಮ ಉದ್ದೇಶವಲ್ಲ. ತಮ್ಮ ಕೈಕೆಳಗಿನವರ ಮನಸ್ಸನ್ನು ಅವರು ಅರಿತುಕೊಂಡ ಬಗೆಯನ್ನಷ್ಟೇ ಇಲ್ಲಿ ಹೇಳಬಯಸುತ್ತೇವೆ.

ವೊರೆಲ್ಲರು 1924ನೆಯ ಇಸವಿ ಆಗಸ್ಟ್ 1ರಂದು ಬಾರ್ಬಡೋಸ್ ದ್ವೀಪದಲ್ಲಿ ಜನಿಸಿದರು. ಅದೇ ದ್ವೀಪದ ವೀಕ್ಸ್ ಮತ್ತು ವಾಲ್ಕಾಟರೊಡನೆ ಸೇರಿ ಮೂವರು ‘ಡಬ್ಲ್ಯೂ’ಗಳೆಂದು ಖ್ಯಾತರಾದರು. ತಾರುಣ್ಯದಲ್ಲಿಯೇ ಹುಟ್ಟೂರನ್ನು ತೊರೆದು ಜಮೈಕಾ ಸೇರಿದರು. ಇಂಗ್ಲೆಂಡಿನಲ್ಲಿ ವೃತ್ತಿಯ ಆಟಗಾರರಾಗಿದ್ದುಕೊಂಡು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದರು. ಕಾಮನ್‌ವೆಲ್ತ್ ತಂಡದೊಡನೆ ನಮ್ಮ ದೇಶಕ್ಕೂ ಬಂದು ಆಡಿದರು. ಪರಸ್ಥಳದಲ್ಲಿ ಬಾಳಿದವನಿಗೆ ಪರರ ಸಂಕೋಚವು ಬೇಗನೆ ತಿಳಿಯುತ್ತದೆಂಬುದು, ಊರು ಬಿಟ್ಟು ಈ ನಗರವನ್ನು ಸೇರಿದ ನಮಗೆ ಅನುಭವದಿಂದ ಬಂದ ಮಾತು.

ಆ ಕಾಲದಲ್ಲಿ ವೆಸ್ಟ್ ಇಂಡೀಸ್ ತಂಡದ ಆಟಗಾರರಲ್ಲಿ ಬಹುಮಂದಿ ಕರಿಯರು. ನಾಯಕತ್ವವಾದರೋ ಬಿಳಿಯರ ಮೀಸಲು. 1948ರಲ್ಲಿ ಜಾರ್ಜ್ ಹೆಡ್ಲಿಯವರಿಗೆ ಒಂದೇ ಒಂದು ಟೆಸ್ಟಿನ ಮಟ್ಟಿಗೆ ಆ ಮರ್ಯಾದೆ ದೊರಕಿತ್ತು. ಸಾಲದುದಕ್ಕೆ ಬಾರ್ಬಡೋಸಿನವನು, ಜಮೈಕಾದವನು, ಟ್ರಿನಿಡಾಡಿನವನು ಎಂಬ ಭೇದಗಳು ಬೇರೆ. ಸಿ. ಎಲ್. ಆರ್. ಜೇಮ್ಸ್ ಎಂಬ ಲೇಖಕರು ಪತ್ರಿಕೆಯಲ್ಲಿ ಹೋರಾಟ ಹೂಡಿದ ಮೇಲೆ, 1960–61ರ ಆಸ್ಟ್ರೇಲಿಯ ಪ್ರವಾಸಕ್ಕೆ ವೊರೆಲ್ಲರು ನಾಯಕರಾಗಿ ನೇಮಕಗೊಂಡರು. ಇಡೀ ಸರಣಿಗೆ ನಾಯಕರಾದ ಕರಿಯರಲ್ಲಿ ಅವರೇ ಮೊದಲಿಗರು. ಸೋತಿದ್ದರೆ ಒಬ್ಬ ವ್ಯಕ್ತಿಯ ಸೋಲೆಂದು ಯಾರೂ ಬಗೆಯುತ್ತಿರಲಿಲ್ಲ. ಒಂದು ಜನಾಂಗದ ಯೋಗ್ಯತೆಯನ್ನೇ ಅಳೆದುಬಿಡುತ್ತಿದ್ದರು.

ಅದುವರೆಗೆ ನಾಯಕರಾಗಿದ್ದ ಜೆರಿ ಅಲೆಕ್ಸಾಂಡರರು ಅದೇ ತಂಡದಲ್ಲಿ ವಿಕೆಟ್ ಕೀಪರಾಗಿ ಉಳಿದರು. ಪದವಿ ಕಳೆದುಕೊಂಡವನನ್ನು ಜೊತೆಯಲ್ಲಿಟ್ಟುಕೊಂಡು ಕೆಲಸ ನಡೆಸುವುದು ಎಷ್ಟು ಕಷ್ಟವೆಂಬುದನ್ನು ಯಾವ ಮನೆಯ ಹಿರಿಯರನ್ನು ಕೇಳಿದರೂ ಹೇಳಿಯಾರು. ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸಿದರು. ಅಲೆಕ್ಸಾಂಡರರು ಸಿಡ್ನಿಯಲ್ಲಿ 108 ರನ್ನು ಬಾರಿಸಿದರು. ಪ್ರಥಮ ದರ್ಜೆಯ ಆಟದಲ್ಲಿ ಅವರ ಏಕೈಕ ಶತಕವದು! ವೊರೆಲ್ಲರ ಗುಣಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕೆಂದು ನಮಗೆ ತೋರುವುದಿಲ್ಲ. ತಪ್ಪಿದವನಿಗೆ ಸರಿಯಾವುದೆಂದು ತಿಳಿಸಿ, ಮುಂದಿನದನ್ನು ಅವನ ವಿವೇಕಕ್ಕೇ ಬಿಡುವುದು ಅವರ ರೀತಿ.

ಬ್ರಿಸ್ಬೇನಿನಲ್ಲಿ ನಡೆದ ಮೊದಲ ಟೆಸ್ಟಿನ ಕೊನೆಯ ದಿನ, 1960ರ ಡಿಸೆಂಬರ್ 14. ಕೊನೆಯ ಓವರು, ಆಗ ಅಲ್ಲಿ ಓವರಿಗೆ ಎಂಟು ಚೆಂಡು. ಆಸ್ಟ್ರೇಲಿಯಕ್ಕೆ ಬೇಕಾದದ್ದು 6 ರನ್ನು, ಉಳಿದದ್ದು 3 ವಿಕೆಟ್ಟು. ಚೆಂಡನ್ನು ಹಿಡಿದವರು ವೆಸ್ ಹಾಲ್. ಪುಟಿದೇಳುವ ಚೆಂಡನ್ನು ಎಸೆಯಬೇಡವೆಂದು ನಾಯಕರು ಹೇಳಿದ್ದರೂ ಹಾಲ್ ಅದನ್ನೇ ಎಸೆದರು. ಬೆನೊ ಕ್ಯಾಚಿತ್ತು ಔಟಾದರು. ಮೂರು ಚೆಂಡುಗಳ ತರುವಾಯ ಕನ್ಹಾಯರು ಹಿಡಿಯಲು ಸಿದ್ಧರಾಗಿ ನಿಂತಿದ್ದ ಕ್ಯಾಚಿಗೆ ಹಾಲ್ ತಾವೇ ನುಗ್ಗಿ ಅದನ್ನು ಕೆಡವಿದರು. ಎಂತಹ ನಾಯಕನಿಗೂ ಸಿಟ್ಟು ನೆತ್ತಿಗೇರುವ ಗಳಿಗೆಯಲ್ಲವೇ? ಇಡೀ ಮೈದಾನ ತಲ್ಲಣಿಸುತ್ತಿದ್ದರೂ ವೊರೆಲ್ಲರು ಶಾಂತರಾಗಿದ್ದರು. ನೋ ಬಾಲ್ ಎಸೆದರೆ ಮತ್ತೆ ಬಾರ್ಬಡೋಸಿನಲ್ಲಿ ಕಾಲಿಡಲಾಗದೆಂದು ಹಾಲರಿಗೆ ಹಾಸ್ಯವಾಗಿ ಎಚ್ಚರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಹೆದರಿದವನನ್ನು ಗದರಿಸಿದರೆ ಕೈ ಇನ್ನಷ್ಟು ನಡುಗುತ್ತದೆ. ಇದು ನಮ್ಮಂಥ ಉಪಾಧ್ಯಾಯರೂ ಮರೆಯುವ ವಿಷಯ. ಹಂಟರು ಬೌಂಡರಿಯ ಬಳಿಯಿಂದ ಎಸೆದ ಚೆಂಡಿನಿಂದ ಗ್ರೌಟ್ ರನ್ ಔಟ್ ಆದರು. ಏಳನೆಯ ಚೆಂಡಿನಲ್ಲಿ ಸಾಲೊಮನ್ ಪಕ್ಕದಿಂದ ಗುರಿಯಿಟ್ಟು ಸ್ಟಂಪನ್ನು ಉರುಳಿಸಿದರು. ಎರಡೂ ಕಡೆಯ ಮೊತ್ತ 737. ಟೆಸ್ಟ್ ಇತಿಹಾಸದಲ್ಲಿ ಮೊದಲ ‘ಟೈ’.

ಸರಣಿ ಆಸ್ಟ್ರೇಲಿಯದ ಪಾಲಾಯಿತು, 2–1. ಆದರೂ ಮೆಲ್ಬೋರ್ನಿನ ಬೀದಿಗಳಲ್ಲಿ ಜನಸಾಗರ ನೆರೆದು, ಸೋತ ತಂಡವನ್ನು ಹರ್ಷಧ್ವನಿಗಳೊಡನೆ ಬೀಳ್ಕೊಟ್ಟಿತು.

ಈ ಅಂತಃಕರಣವು ತಮ್ಮವರಿಗೆ ಮಾತ್ರ ಮೀಸಲಾಗಿರಲಿಲ್ಲ. 1962ರ ಮಾರ್ಚ್ 17ರಂದು ಬಾರ್ಬಡೋಸಿನಲ್ಲಿ ಗ್ರಿಫಿತರ ಚೆಂಡು ನಮ್ಮ ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ಬಡಿದು ಬುರುಡೆ ಬಿರಿಯಿತು. ಪ್ರಾಣವುಳಿಸಲು ರಕ್ತ ಬೇಕಾಯಿತು. ನಮ್ಮ ಉಮ್ರಿಗರ್, ಬೋರ್ಡೆ, ನಾಡಕರ್ಣಿಯವರು ರಕ್ತ ಕೊಟ್ಟರು; ಎದುರಾಳಿ ತಂಡದ ನಾಯಕರಾದ ವೊರೆಲ್ಲರೂ ಕೊಟ್ಟರು. ಕಂಟ್ರಾಕ್ಟರರು ಬದುಕಿದರು. ಆ ಸರಣಿಯ ಐದು ಟೆಸ್ಟುಗಳಲ್ಲಿಯೂ ವೊರೆಲ್ಲರ ತಂಡ ನಮ್ಮನ್ನು ಸೋಲಿಸಿತೆಂಬುದನ್ನೂ ಇಲ್ಲಿಯೇ ಹೇಳಬೇಕು. ಮೆತ್ತನೆಯ ಮನಸ್ಸಿನವನ ಆಟವೂ ಮೆತ್ತಗಿರಬೇಕೆಂದು ಎಲ್ಲಿದೆ?

1963ರಲ್ಲಿ ಇಂಗ್ಲೆಂಡನ್ನು 3–1ರಿಂದ ಗೆದ್ದು ಅವರು ನಿವೃತ್ತರಾದರು. ಮರುವರ್ಷ ‘ಸರ್’ ಪದವಿ ಬಂದಿತು. ಜಮೈಕಾದ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿನಿಲಯವೊಂದರ ಪಾಲಕರಾಗಿ ತರುಣರ ನಡುವೆ ಕಾಲ ಕಳೆದರು. 1967ರ ಮಾರ್ಚ್ 13ರಂದು, ಇನ್ನೂ 42ರ ಪ್ರಾಯದಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸ್ಮರಣಾರ್ಥ ಪ್ರಾರ್ಥನೆ ನಡೆಯಿತು. ಬಂಗಾಳದ ಕ್ರಿಕೆಟ್ ಸಂಸ್ಥೆಯವರು ಫೆಬ್ರುವರಿ 3ನ್ನು ಅವರ ಹೆಸರಿನ ದಿನವೆಂದು ಗೊತ್ತುಪಡಿಸಿಕೊಂಡು, ಕಲ್ಕತ್ತೆಯಲ್ಲಿ ರಕ್ತದಾನ ಏರ್ಪಡಿಸುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ.