ಖ್ವಾಜಾ ಅಹಮದ್ ಅಬ್ಬಾಸ್ ಮತ್ತು ಸಾಕ್ಷ್ಯಚಿತ್ರದ ಸ್ವಾತಂತ್ರ್ಯ

ಭಾರತೀಯ ಸಾಕ್ಷ್ಯಚಿತ್ರದ ಚರಿತ್ರೆಯಲ್ಲಿ ಖ್ವಾಜಾ ಅಹಮದ್ ಅಬ್ಬಾಸರ ಹೆಸರು ಉಳಿದಿರುವುದು ಅವರು ತೆಗೆದ ಸಾಕ್ಷ್ಯಚಿತ್ರಗಳ ಸಂಖ್ಯೆಯಿಂದಲ್ಲ. ಎರಡು ರೀಲುಗಳ ಒಂದು ಕಿರುಚಿತ್ರ ಮತ್ತು ಅದರ ನಿಮಿತ್ತವಾಗಿ ನಡೆದ ಒಂದು ಮೊಕದ್ದಮೆ ಅವರಿಗೆ ಆ ಸ್ಥಾನವನ್ನು ತಂದುಕೊಟ್ಟಿವೆ. ಹಿಂದಿ ಚಿತ್ರಗಳ ಪ್ರೇಕ್ಷಕರು ಅವರನ್ನು 'ಆವಾರಾ', 'ಶ್ರೀ 420', 'ಬಾಬಿ' ಚಿತ್ರಗಳ ಲೇಖಕರೆಂದು ಬಲ್ಲರು; ಅಮಿತಾಭ್ ಬಚ್ಚನ್ ಅವರನ್ನು 1969ರಲ್ಲಿ 'ಸಾತ್ ಹಿಂದೂಸ್ತಾನಿ'ಯ ಮೂಲಕ ತೆರೆಗೆ ತಂದ ನಿರ್ದೇಶಕರೆಂದೂ ಬಲ್ಲರು. ಆದರೆ ಕಾನೂನಿನ ವಿದ್ಯಾರ್ಥಿಗಳಿಗೆ ಅಬ್ಬಾಸ್ ಎಂದರೆ 1970ರ ಒಂದು ತೀರ್ಪು. ಈ ಎರಡು ಪರಿಚಯಗಳ ನಡುವೆ ಇರುವ ಪತ್ರಕರ್ತ ಅಬ್ಬಾಸರನ್ನು ಅರಿಯದೆ ಆ ಮೊಕದ್ದಮೆಯ ಅರ್ಥವಾಗುವುದು ಕಷ್ಟ.

ಅಬ್ಬಾಸರು ಹುಟ್ಟಿದ್ದು 1914ರ ಜೂನ್ 7ರಂದು, ಪಾಣಿಪತ್ತಿನಲ್ಲಿ. ಉರ್ದು ಕವಿ ಅಲ್ತಾಫ್ ಹುಸೇನ್ ಹಾಲಿ ಅವರ ಮುತ್ತಜ್ಜ. ಅಲೀಗಢದಲ್ಲಿ ಬಿ.ಎ. ಮತ್ತು ಕಾನೂನು ಪದವಿಗಳನ್ನು ಪಡೆದು, ವಿದ್ಯಾರ್ಥಿಯಾಗಿದ್ದಾಗಲೇ ಒಂದು ವಾರಪತ್ರಿಕೆಯನ್ನು ನಡೆಸಿ, 1935ರ ಸುಮಾರಿಗೆ ಮುಂಬಯಿಗೆ ಬಂದು 'ಬಾಂಬೆ ಕ್ರಾನಿಕಲ್' ಸೇರಿದರು. ಫಿರೋಜ್‌ಶಾ ಮೆಹ್ತಾ ಸ್ಥಾಪಿಸಿದ್ದ ಆ ಪತ್ರಿಕೆ ಆಗ ಸಯ್ಯದ್ ಅಬ್ದುಲ್ಲಾ ಬ್ರೆಲ್ವಿಯವರ ಸಂಪಾದಕತ್ವದಲ್ಲಿ ರಾಷ್ಟ್ರೀಯ ಚಳವಳಿಯ ಮುಖವಾಣಿಯಾಗಿತ್ತು. ಅಲ್ಲಿ ಅವರು ವರದಿಗಾರರಾಗಿ, ಚಲನಚಿತ್ರ ವಿಮರ್ಶಕರಾಗಿ ದುಡಿದರು. ಅಲ್ಲಿಯೇ ಆರಂಭವಾದ 'ಲಾಸ್ಟ್ ಪೇಜ್' ಅಂಕಣ 1947ರಲ್ಲಿ ಆರ್. ಕೆ. ಕರಂಜಿಯಾ ಅವರ 'ಬ್ಲಿಟ್ಜ್' ವಾರಪತ್ರಿಕೆಗೆ ವರ್ಗವಾಗಿ, ಅಬ್ಬಾಸರು ತೀರಿಕೊಳ್ಳುವವರೆಗೂ ನಡೆಯಿತು. ವಾರ ವಾರವೂ ತಪ್ಪದೆ, ಯಾವ ಅಧಿಕಾರಿಯ ಮುಂದೂ ಮೊದಲೇ ಒಪ್ಪಿಸದೆ ಬರೆದ ಬರವಣಿಗೆ ಅದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಮುಂದೆ ಅವರು ನ್ಯಾಯಾಲಯದಲ್ಲಿ ಎತ್ತಿದ ಪ್ರಶ್ನೆಯ ಬೇರು ಇಲ್ಲಿದೆ.

ವರದಿಗಾರನ ಕಣ್ಣು ಅವರ ಚಲನಚಿತ್ರಗಳಲ್ಲಿಯೂ ಬಿಡದೆ ಕೆಲಸ ಮಾಡಿತು. ಸೊಲ್ಲಾಪುರದವರಾದ ಡಾ. ದ್ವಾರಕಾನಾಥ ಕೋಟ್ನಿಸ್ ಚೀನಾದ ಯುದ್ಧಭೂಮಿಯಲ್ಲಿ ವೈದ್ಯಸೇವೆ ಸಲ್ಲಿಸಿ 1942ರಲ್ಲಿ ಅಲ್ಲಿಯೇ ಮಡಿದಾಗ, ಅವರ ಕಥನವನ್ನು ಅಬ್ಬಾಸರು ಪುಸ್ತಕವಾಗಿ ಬರೆದರು. ವಿ. ಶಾಂತಾರಾಮ್ 1946ರಲ್ಲಿ ಅದನ್ನು ಚಿತ್ರವಾಗಿಸಿದರು. ಅದೇ ವರ್ಷ ಅಬ್ಬಾಸರು ಭಾರತೀಯ ಜನನಾಟ್ಯ ಸಂಘದ ಪರವಾಗಿ 'ಧರ್ತೀ ಕೇ ಲಾಲ್' ನಿರ್ದೇಶಿಸಿದರು. 1943ರ ಬಂಗಾಳದ ಕ್ಷಾಮ ಅದರ ವಸ್ತು, ಬಲರಾಜ್ ಸಾಹ್ನಿ, ಶಂಭು ಮಿತ್ರ, ತೃಪ್ತಿ ಮಿತ್ರ ಅದರ ನಟರು, ಸಂಗೀತ ರವಿಶಂಕರರದು. ಕಥಾಚಿತ್ರವೇ ಆದರೂ ಅದರಲ್ಲಿ ಹಸಿದವರ ಮೆರವಣಿಗೆಯನ್ನು ತೋರಿಸಿರುವ ಬಗೆ ವಾರ್ತಾಚಿತ್ರಕ್ಕೆ ಹತ್ತಿರವಾದುದು. ಅ. ನ. ಕೃಷ್ಣರಾಯರು ಕನ್ನಡದಲ್ಲಿ ಪ್ರಗತಿಶೀಲ ಚಳವಳಿಯ ನೇತೃತ್ವ ವಹಿಸಿದ್ದ ಕಾಲವೂ ಅದೇ ಎಂಬುದನ್ನು ನೆನೆದರೆ, ಎರಡೂ ಕಡೆ ಒಂದೇ ಗಾಳಿ ಬೀಸುತ್ತಿತ್ತೆಂಬುದು ತಿಳಿಯುತ್ತದೆ.

1951ರಲ್ಲಿ ಅವರು 'ನಯಾ ಸಂಸಾರ್' ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಇತರರಿಗೆ ಬರೆದುಕೊಟ್ಟ ಚಿತ್ರಕಥೆಗಳಿಂದ ಬಂದ ಹಣ ಈ ಸಂಸ್ಥೆಯ ಚಿತ್ರಗಳಲ್ಲಿ ಕರಗಿತು. 1963ರ 'ಶೆಹರ್ ಔರ್ ಸಪ್ನಾ' ಮುಂಬಯಿಯಲ್ಲಿ ಮನೆ ಸಿಗದೆ ಚರಂಡಿಯ ಕೊಳವೆಯೊಂದರಲ್ಲಿ ಸಂಸಾರ ಹೂಡುವ ದಂಪತಿಗಳ ಕಥೆ. ರಾಷ್ಟ್ರಪತಿಗಳ ಸ್ವರ್ಣಪದಕ ಅದಕ್ಕೆ ಲಭಿಸಿತು. ಯಶವಂತ ಚಿತ್ತಾಲರ 'ಶಿಕಾರಿ'ಯ (1979) ಮೂಲಕ ಈ ನಗರವನ್ನು ಅರಿತ ಕನ್ನಡ ಓದುಗರಿಗೆ ಅಬ್ಬಾಸರ ಮುಂಬಯಿ ತೀರ ಬೇರೆಯಾಗಿ ಕಂಡೀತು. ಚಿತ್ತಾಲರದು ಒಳಗಿನಿಂದ ಕಾಡುವ ನಗರ, ಅಬ್ಬಾಸರದು ಬೀದಿಯಲ್ಲಿ ನಿಂತವನ ನಗರ. ಅವರ ಕಥಾಚಿತ್ರಗಳಲ್ಲಿ ಉಪದೇಶದ ಧ್ವನಿ ಹೆಚ್ಚೆಂಬ ಆಕ್ಷೇಪ ನಿರಾಧಾರವಲ್ಲ. ಅಂಕಣಕಾರನ ಅವಸರ ಪಾತ್ರಗಳನ್ನು ಬೆಳೆಯಗೊಡುವುದಿಲ್ಲ. ಸಾಕ್ಷ್ಯಚಿತ್ರದ ಪ್ರಕಾರದಲ್ಲಿ ಮಾತ್ರ ಈ ದೋಷವೇ ಗುಣವಾಗಿ ಪರಿಣಮಿಸಿತು.

ಅಂದಿನ ಸಾಕ್ಷ್ಯಚಿತ್ರದ ಸ್ಥಿತಿಯನ್ನು ಇಲ್ಲಿ ವಿವರಿಸಬೇಕು. 1948ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ ಎಂಬ ಸರ್ಕಾರಿ ಸಂಸ್ಥೆ ದೇಶದ ಬಹುಪಾಲು ವಾರ್ತಾಚಿತ್ರ ಮತ್ತು ಸಾಕ್ಷ್ಯಚಿತ್ರಗಳನ್ನು ತಯಾರಿಸಿ ಹಂಚುತ್ತಿತ್ತು. (2022ರಲ್ಲಿ ಅದನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು.) ಸರ್ಕಾರ ಅನುಮೋದಿಸಿದ ಕಿರುಚಿತ್ರವೊಂದನ್ನು ಪ್ರತಿ ಆಟದಲ್ಲಿಯೂ ತೋರಿಸಬೇಕೆಂಬುದು ಚಿತ್ರಮಂದಿರಗಳ ಪರವಾನಗಿಯ ಷರತ್ತೇ ಆಗಿತ್ತು. ಬಾನುಲಿಯ ಮಾತು ಇನ್ನೂ ಸರಳ. 1927ರ ಜುಲೈ 23ರಂದು ಮುಂಬಯಿಯಲ್ಲಿ ಪ್ರಸಾರ ಆರಂಭಿಸಿದ ಖಾಸಗಿ ಕಂಪೆನಿ ಮೂರು ವರ್ಷಗಳೊಳಗೆ ಮುಳುಗಿದ ಮೇಲೆ ಬಾನುಲಿ ಸರ್ಕಾರದ ಸ್ವತ್ತಾಯಿತು. ಒಡೆತನವೇ ತನ್ನದಾದ ಮೇಲೆ ಸರ್ಕಾರಕ್ಕೆ ಅಲ್ಲಿ ಬೇರೊಂದು ಸೆನ್ಸಾರ್ ಮಂಡಳಿಯ ಅಗತ್ಯವೇನಿತ್ತು? ದೂರದರ್ಶನ 1959ರಲ್ಲಿ ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾಗಿದ್ದರೂ ಮುಂಬಯಿಗೆ ಬಂದದ್ದು 1972ರ ಅಕ್ಟೋಬರ್ 2ರಂದು. ಹೀಗಾಗಿ 1968ರಲ್ಲಿ ಒಬ್ಬ ಸ್ವತಂತ್ರ ನಿರ್ಮಾಪಕ ತೆಗೆದ ಸಾಕ್ಷ್ಯಚಿತ್ರಕ್ಕೆ ಚಿತ್ರಮಂದಿರವೊಂದೇ ಗತಿ. ಅಲ್ಲಿ ಅದಕ್ಕೆ ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಅಂಟಿದರೆ, ಎಲ್ಲರೂ ನೋಡುವ ಕಥಾಚಿತ್ರದೊಡನೆ ಸೇರಿಸಿ ತೋರಿಸುವ ದಾರಿಯೂ ಮುಚ್ಚಿದಂತೆ.

ಆ ವರ್ಷ ಅಬ್ಬಾಸರು 'ಚಾರ್ ಶಹರ್ ಏಕ್ ಕಹಾನಿ' ತೆಗೆದರು. ಕಲಕತ್ತಾ, ಮುಂಬಯಿ, ಮದ್ರಾಸು, ದೆಹಲಿ ಆ ನಾಲ್ಕು ನಗರಗಳು. ಒಂದೆಡೆ ಭವ್ಯ ಕಟ್ಟಡಗಳು, ಹೋಟೆಲುಗಳು, ಕಾರ್ಖಾನೆಗಳು. ಇನ್ನೊಂದೆಡೆ ಅವನ್ನು ಕಟ್ಟಿದ ಕೂಲಿಗಳು ವಾಸಿಸುವ ಜೋಪಡಿಗಳು. ಕಾರಿನಲ್ಲಿ ಸಾಗುವವರು ಮತ್ತು ಕೈಗಾಡಿ ತಳ್ಳುವವರು ಒಂದೇ ರಸ್ತೆಯಲ್ಲಿ ಕಾಣುತ್ತಾರೆ. ಒಂದು ದೃಶ್ಯದಲ್ಲಿ ಬಡಕಲು ಮನುಷ್ಯನೊಬ್ಬ ಬೆವರಿಳಿಸಿ ಏದುಸಿರು ಬಿಡುತ್ತ ಸ್ಥೂಲಕಾಯದ ಸಿರಿವಂತನನ್ನು ರಿಕ್ಷಾದಲ್ಲಿ ಎಳೆಯುತ್ತಾನೆ. ಮತ್ತೊಂದರಲ್ಲಿ ಎಳೆಯುವವನು ರಿಕ್ಷಾದಲ್ಲಿ ಕುಳಿತಿದ್ದಾನೆ, ಸಿರಿವಂತ ಎಳೆಯುತ್ತಿದ್ದಾನೆ. ಇದು ಸ್ಪಷ್ಟವಾಗಿ ಕಲ್ಪಿತ ದೃಶ್ಯ. ಇವುಗಳ ನಡುವೆ ಮುಂಬಯಿಯ ವೇಶ್ಯಾವಾಟಿಕೆಯ ಒಂದು ಬೀದಿ ಬರುತ್ತದೆ. ಬಾಗಿಲು, ಕಿಟಕಿಗಳಲ್ಲಿ ಕಾದು ನಿಂತ ಹೆಂಗಸರು, ಮುಚ್ಚಿಕೊಳ್ಳುವ ಒಂದು ಕಿಟಕಿ, ಕೈಯಿಂದ ಕೈಗೆ ಹೋಗುವ ಒಂದು ನೋಟು.

ಎಲ್ಲರೂ ನೋಡಬಹುದಾದ ಚಿತ್ರವೆಂಬ ಪ್ರಮಾಣಪತ್ರಕ್ಕೆ ಅಬ್ಬಾಸರು ಅರ್ಜಿ ಹಾಕಿದರು. ಸೆನ್ಸಾರ್ ಮಂಡಳಿ ವಯಸ್ಕರಿಗೆ ಮಾತ್ರ ಎಂದಿತು. ಪುನರ್ವಿಮರ್ಶೆಯಲ್ಲಿಯೂ ಅದೇ ಉತ್ತರ. ಮೇಲ್ಮನವಿಯಲ್ಲಿ ಕೇಂದ್ರ ಸರ್ಕಾರವು ಆ ಬೀದಿಯ ದೃಶ್ಯವನ್ನು ಮೊಟಕುಗೊಳಿಸಿ, ಕಿಟಕಿ ಮುಚ್ಚುವುದನ್ನೂ ಬರಿಯ ಮೊಣಕಾಲುಗಳನ್ನೂ ನೋಟಿನ ವಿನಿಮಯವನ್ನೂ ತೆಗೆದುಹಾಕಿದರೆ ಕೇಳಿದ ಪ್ರಮಾಣಪತ್ರ ಕೊಡಬಹುದೆಂದಿತು. ಇಲ್ಲಿ ಸೂಕ್ಷ್ಮವೊಂದಿದೆ. ಸಿರಿವಂತ ರಿಕ್ಷಾ ಎಳೆಯುವ ಕಲ್ಪಿತ ದೃಶ್ಯದ ತಂಟೆಗೆ ಈ ಆದೇಶ ಹೋಗಲಿಲ್ಲ. ನಗರದ ಯಾವ ಪಾದಚಾರಿಯೂ ಕಾಣಬಹುದಾಗಿದ್ದ ಬೀದಿಯ ಮೇಲೆ ಕತ್ತರಿ ಬಿತ್ತು. ಸಾಕ್ಷ್ಯಚಿತ್ರದ ವಿಷಯದಲ್ಲಿ ಕಲ್ಪನೆಗಿಂತ ಸಂಗತಿಯೇ ಅಧಿಕಾರಕ್ಕೆ ಹೆಚ್ಚು ಇರುಸುಮುರುಸು ತರುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಅಬ್ಬಾಸರು ಸರ್ವೋಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಿದರು. ವಿಚಾರಣೆಯ ಹೊತ್ತಿಗೆ ಸರ್ಕಾರ ಹಿಂದೆಗೆಯಿತು. ಯಾವ ಕಡಿತವೂ ಇಲ್ಲದೆ ಕೇಳಿದ ಪ್ರಮಾಣಪತ್ರ ಕೊಡುವುದಾಗಿ ತಿಳಿಸಿತು. ಬೇರೊಬ್ಬ ನಿರ್ಮಾಪಕನಾಗಿದ್ದರೆ ಗೆದ್ದೆನೆಂದು ಮನೆಗೆ ಹೋಗುತ್ತಿದ್ದ. ಅಬ್ಬಾಸರು ಅರ್ಜಿಯನ್ನು ತಿದ್ದಿ, ಪೂರ್ವ ಪರಿಶೀಲನೆಯೇ ಸಂವಿಧಾನದ 19ನೆಯ ವಿಧಿಗೆ ವಿರುದ್ಧವೆಂದೂ, ಅದು ಇರಲೇಬೇಕೆಂದಾದರೆ ಖಚಿತ ನಿಯಮಗಳಿಗೆ ಒಳಪಟ್ಟಿರಬೇಕೆಂದೂ ವಾದ ಮುಂದುವರಿಸಿದರು. ಅದೇ ಬೀದಿಯನ್ನು ಅವರು ತಮ್ಮ ಅಂಕಣದಲ್ಲಿ ಬಣ್ಣಿಸಿದ್ದರೆ ಯಾರ ಅನುಮತಿಯೂ ಬೇಕಿರಲಿಲ್ಲ. ಲೇಖನಿಗಿರುವ ಸ್ವಾತಂತ್ರ್ಯ ಕ್ಯಾಮೆರಾಕ್ಕೆ ಏಕಿಲ್ಲ ಎಂಬುದು ಆ ಮೊಕದ್ದಮೆಯ ತಿರುಳು.

1970ರ ಸೆಪ್ಟೆಂಬರ್ 24ರಂದು ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ನೇತೃತ್ವದ ಐವರ ಪೀಠ ತೀರ್ಪಿತ್ತಿತು. ಮುಖ್ಯ ವಾದದಲ್ಲಿ ಅಬ್ಬಾಸರು ಸೋತರು. ಚಲನಚಿತ್ರ ಇತರ ಕಲೆಗಳಿಗಿಂತ ಆಳವಾಗಿ ಭಾವನೆಗಳನ್ನು ಕಲಕುತ್ತದೆ, ಆದ್ದರಿಂದ ಅದನ್ನು ಬೇರೆಯಾಗಿ ಕಾಣಬಹುದು ಎಂದು ನ್ಯಾಯಾಲಯ ಹೇಳಿತು. ಅನಕ್ಷರಸ್ಥ ಪ್ರೇಕ್ಷಕನ ಬಗೆಗಿನ ಒಂದು ಅವಿಶ್ವಾಸ ಇಂಥ ತರ್ಕದ ಹಿಂದೆ ಅಡಗಿರುತ್ತದೆ. ಆ ತರ್ಕ ಇಂದಿಗೂ ಪೂರ್ತಿ ಅಳಿದಿಲ್ಲ. ಆದರೆ ತೀರ್ಪಿನ ಉತ್ತರಾರ್ಧ ಬೇರೆಯೇ ದಿಕ್ಕಿನದು. ಕಾಮದ ಚಿತ್ರಣವೆಲ್ಲವೂ ಅಶ್ಲೀಲವಲ್ಲವೆಂದೂ, ಕಲೆಗೂ ಸಮಾಜದ ಕುಂದುಗಳ ಚಿತ್ರಣಕ್ಕೂ ನಿಯಮಗಳಲ್ಲಿ ಎಡೆಯಿರಬೇಕೆಂದೂ, ತೀರ ಕೆಳಮಟ್ಟದ ಪ್ರೇಕ್ಷಕನನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದೆಂದೂ ಅಲ್ಲಿ ವಿವರಿಸಲಾಗಿದೆ. ಮೇಲ್ಮನವಿ ಸರ್ಕಾರದ ಬದಲು ಸ್ವತಂತ್ರ ನ್ಯಾಯಮಂಡಳಿಗೆ ಹೋಗಬೇಕು, ನಿರ್ಣಯಕ್ಕೆ ಕಾಲಮಿತಿ ಇರಬೇಕು ಎಂಬ ಅಬ್ಬಾಸರ ಬೇಡಿಕೆಗಳನ್ನು ಸರ್ಕಾರ ನ್ಯಾಯಾಲಯದಲ್ಲಿಯೇ ಒಪ್ಪಿಕೊಂಡಿತು.

ಅಧಿಕಾರದೊಡನೆ ಅಬ್ಬಾಸರ ಸಂಬಂಧ ಏಕಮುಖವಾಗಿರಲಿಲ್ಲ. ಮೊಕದ್ದಮೆಯ ಹಿಂದೆಮುಂದೆಯೇ ಅವರು ಇಂದಿರಾ ಗಾಂಧಿಯವರನ್ನು ಕುರಿತು ಮೆಚ್ಚುಗೆಯಿಂದ ಪುಸ್ತಕಗಳನ್ನು ಬರೆದರು. 1969ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ನೆಹರೂ ಯುಗದ ಸಮಾಜವಾದದಲ್ಲಿ ನಂಬಿಕೆಯಿಟ್ಟು, ಅದೇ ಸರ್ಕಾರದ ಕತ್ತರಿಯ ವಿರುದ್ಧ ಹೋರಾಡಿದವರು ಅವರು. 1975ರ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೂ ಪೂರ್ವ ಪರಿಶೀಲನೆ ಬಂದಾಗ ಲೇಖನಿ ಮತ್ತು ಕ್ಯಾಮೆರಾಗಳ ನಡುವಿನ ಭೇದ ಕೆಲಕಾಲ ವಿಪರೀತ ರೀತಿಯಲ್ಲಿ ಅಳಿಸಿಹೋಯಿತೆನ್ನಬಹುದು. 1977ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಜುಹೂವಿನ ತಮ್ಮ ಮನೆಯಲ್ಲಿ ಕಡೆಯವರೆಗೂ ಬರೆಯುತ್ತಲೇ ಇದ್ದ ಅಬ್ಬಾಸರು 1987ರ ಜೂನ್ 1ರಂದು ಮುಂಬಯಿಯಲ್ಲಿ ನಿಧನರಾದರು.

ಅವರು ಹೂಡಿದ ಪ್ರಶ್ನೆ ಅಷ್ಟರಲ್ಲಿ ಕಿರುತೆರೆಗೆ ದಾಟಿತ್ತು. 1988ರಲ್ಲಿ ದೂರದರ್ಶನದ 'ತಮಸ್' ಧಾರಾವಾಹಿಯನ್ನು ನಿಲ್ಲಿಸಬೇಕೆಂದು ಮುಂಬಯಿಯಲ್ಲಿ ದಾವೆ ಹೂಡಿದಾಗ ಸರ್ವೋಚ್ಚ ನ್ಯಾಯಾಲಯ ಅಬ್ಬಾಸರ ಮೊಕದ್ದಮೆಯ ತೀರ್ಪನ್ನು ಆಧರಿಸಿಯೇ ಪ್ರಸಾರವನ್ನು ಎತ್ತಿಹಿಡಿಯಿತು. ಭೋಪಾಲ ಅನಿಲ ದುರಂತವನ್ನು ಕುರಿತ ಸಾಕ್ಷ್ಯಚಿತ್ರ 'ಬಿಯಾಂಡ್ ಜಿನೊಸೈಡ್' ರಾಷ್ಟ್ರಪ್ರಶಸ್ತಿ ಪಡೆದಿದ್ದರೂ ದೂರದರ್ಶನ ಅದನ್ನು ನಿರಾಕರಿಸಿತ್ತು. 1992ರಲ್ಲಿ ಅದೇ ನ್ಯಾಯಾಲಯ ಪ್ರಸಾರ ಮಾಡಬೇಕೆಂದು ವಿಧಿಸಿತು. ಮುಂಬಯಿಯ ಆನಂದ್ ಪಟವರ್ಧನ್ ತಮ್ಮ ಸಾಕ್ಷ್ಯಚಿತ್ರಗಳನ್ನು ಕಿರುತೆರೆಗೆ ತರಲು ವರ್ಷಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. 2004ರ ಮುಂಬಯಿ ಚಿತ್ರೋತ್ಸವದಲ್ಲಿ ಭಾರತೀಯ ಸಾಕ್ಷ್ಯಚಿತ್ರಗಳಿಗೆ ಮಾತ್ರ ಸೆನ್ಸಾರ್ ಪ್ರಮಾಣಪತ್ರ ಬೇಕೆಂಬ ನಿಯಮ ತರಲು ಹೊರಟಾಗ ನಿರ್ದೇಶಕರು ಒಟ್ಟುಗೂಡಿ ಪ್ರತಿಭಟಿಸಿ, 'ವಿಕಲ್ಪ' ಎಂಬ ಪರ್ಯಾಯ ಉತ್ಸವವನ್ನೇ ನಡೆಸಿದರು.

ಅಬ್ಬಾಸರು ಕೇಳಿದ್ದ ಸ್ವತಂತ್ರ ಮೇಲ್ಮನವಿ ನ್ಯಾಯಮಂಡಳಿಗೆ 1981ರ ತಿದ್ದುಪಡಿಯಲ್ಲಿ ಅವಕಾಶ ಕಲ್ಪಿಸಲಾಯಿತು; 1983ರಲ್ಲಿ ಅದು ಜಾರಿಗೆ ಬಂದಿತು. 2021ರ ಏಪ್ರಿಲ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಅದನ್ನು ರದ್ದುಪಡಿಸಿತು. ಅಂದಿನಿಂದ ಪ್ರಮಾಣಪತ್ರದ ತಕರಾರುಗಳನ್ನು ನಿರ್ಮಾಪಕರು ಉಚ್ಚ ನ್ಯಾಯಾಲಯಗಳಿಗೇ ಒಯ್ಯಬೇಕಾಗಿದೆ.